ಜೋರಾಗಿ ಬಂದ ಲಾರಿ ಇಂಗ್ಲಿಷಿನಲ್ಲಿ ಹೇಗೆ ಬರಬೇಕು?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಯ ಪಾಲಾದವು. ನದಿಯ ತಳದಲ್ಲಿದ್ದ ಒಂದು ಲಾರಿ ಪತ್ತೆಯಾಗಲು ಎರಡು ತಿಂಗಳು ಮೀರಿ ಬೇಕಾಯಿತು. ಇದಾಗಿ ಇಪ್ಪತ್ತೆರಡು ದಿನಕ್ಕೆ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸೇತುವೆಯ ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕನ ಜೀವ ಉಳಿಯಿತು.

ಕನ್ನಡದ ವರದಿಗಳಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಬಳಕೆಯಾಯಿತು: ಕುಸಿಯಿತು. ಗುಡ್ಡ ಕುಸಿತ, ಸೇತುವೆ ಕುಸಿತ. ಕನ್ನಡ ಓದುಗನಿಗೆ ಇದರಿಂದ ತೊಂದರೆಯೇನೂ ಇಲ್ಲ. ಗುಡ್ಡ ಹೇಗೆ ಕುಸಿಯುತ್ತದೆ, ಸೇತುವೆ ಹೇಗೆ ಕುಸಿಯುತ್ತದೆ ಎಂಬುದು ಆಯಾ ನಾಮಪದದಿಂದಲೇ ಅವನಿಗೆ ತಿಳಿಯುತ್ತದೆ. ಬಾವಿಯ ಕಟ್ಟೆ ಕುಸಿಯುತ್ತದೆ, ಅಡಿಕೆಯ ಬೆಲೆ ಕುಸಿಯುತ್ತದೆ, ಸುದ್ದಿ ಕೇಳಿದ ತಾಯಿ ಕುಸಿದು ಕೂರುತ್ತಾಳೆ. ಆದರೆ ಇದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದ ಕಾಲೇಜು ಹುಡುಗ, ಕಚೇರಿಯ ಗುಮಾಸ್ತ ಅಥವಾ ಪರಿಹಾರದ ಅರ್ಜಿ ಬರೆಯುವ ಮಗಳು ಕ್ಷಣ ತಡೆಯಲೇಬೇಕು. ಇಂಗ್ಲಿಷಿನಲ್ಲಿ ಸೇತುವೆಗೆ ‘ಕೊಲ್ಯಾಪ್ಸ್’. ಆಧಾರ ತಪ್ಪಿ ಇದ್ದಲ್ಲೇ ಮುರಿದು ಬೀಳುವುದು. ಇಳಿಜಾರಿನ ಮಣ್ಣಿಗೆ ‘ಸ್ಲೈಡ್’. ಮೇಲಿನಿಂದ ಕೆಳಕ್ಕೆ ಜಾರಿ ಬರುವುದು. ನೆಲ ನಿಧಾನವಾಗಿ ತಗ್ಗಿದರೆ ‘ಸಬ್‌ಸೈಡ್’. ಗಣಿಯ ಚಾವಣಿ ಒಳಕ್ಕೆ ಬಿದ್ದರೆ ‘ಕೇವ್ ಇನ್’.

ಇದು ಬರಿಯ ಪದಚಮತ್ಕಾರವಲ್ಲ. ಗುಡ್ಡಗಳ ಚಲನೆಯನ್ನು ವರ್ಗೀಕರಿಸಿದ ಅಮೆರಿಕದ ಭೂವಿಜ್ಞಾನಿ ಡೇವಿಡ್ ವಾರ್ನ್ಸ್ 1978ರಲ್ಲಿ ಆರಿಸಿಕೊಂಡ ಮೂಲಪದಗಳು ಐದು: ಫಾಲ್, ಟಾಪಲ್, ಸ್ಲೈಡ್, ಸ್ಪ್ರೆಡ್, ಫ್ಲೋ. ಬೀಳು, ವಾಲಿ ಉರುಳು, ಜಾರು, ಹರಡು, ಹರಿ. ಹೈಸ್ಕೂಲಿನ ಮಗುವಿಗೂ ಗೊತ್ತಿರುವ ಕ್ರಿಯಾಪದಗಳೇ ಒಂದು ಶಾಸ್ತ್ರದ ಚೌಕಟ್ಟಾಗಿ ನಿಂತಿವೆ. ಬಂಡೆ ಬೀಳುವ ಜಾಗಕ್ಕೆ ಬೇಕಾದ ತಡೆ ಬೇರೆ, ಕೆಸರು ಹರಿಯುವ ಜಾಗಕ್ಕೆ ಬೇಕಾದ ತಡೆ ಬೇರೆ. ವರದಿ ಬರೆದವನು ಯಾವ ಕ್ರಿಯಾಪದ ಹಾಕಿದ ಎಂಬುದರ ಮೇಲೆ ಓದುವ ಎಂಜಿನಿಯರನ ಊಹೆ ನಿಲ್ಲುತ್ತದೆ.

ಕಡಲತೀರದ ಇನ್ನೊಂದು ಕ್ರಿಯಾಪದ ಇದಕ್ಕಿಂತ ಕಠಿಣವಾದದ್ದು: ಮುಳುಗು. ಕನ್ನಡದಲ್ಲಿ ದೋಣಿ ಮುಳುಗುತ್ತದೆ, ಮನುಷ್ಯ ಮುಳುಗುತ್ತಾನೆ, ಗದ್ದೆ ಮುಳುಗುತ್ತದೆ, ಸೂರ್ಯ ಮುಳುಗುತ್ತಾನೆ, ಸಾಲಗಾರನೂ ಮುಳುಗುತ್ತಾನೆ. ಇಂಗ್ಲಿಷಿನಲ್ಲಿ ದೋಣಿ ‘ಸಿಂಕ್’ ಆಗುತ್ತದೆ. ಗದ್ದೆ ‘ಸಬ್‌ಮರ್ಜ್’ ಆಗುತ್ತದೆ. ಸೂರ್ಯ ‘ಸೆಟ್’ ಆಗುತ್ತಾನೆ. ಮನುಷ್ಯ ‘ಡ್ರೌನ್’ ಆಗುತ್ತಾನೆ. ಈ ಕೊನೆಯ ಪದದಲ್ಲಿಯೇ ಅಪಾಯವಿರುವುದು. ದಿನಬಳಕೆಯ ಇಂಗ್ಲಿಷಿನಲ್ಲಿ ‘ಹೀ ಡ್ರೌನ್ಡ್’ ಎಂದರೆ ಅವನು ಸತ್ತ ಎಂದೇ ಅರ್ಥ. ಕನ್ನಡದ ‘ಮುಳುಗಿದ’ದಲ್ಲಿ ಸಾವು ತಾನಾಗಿ ಇರುವುದಿಲ್ಲ, ಅದಕ್ಕಾಗಿ ನಾವು ‘ಮುಳುಗಿ ಸತ್ತ’ ಎಂದು ಇನ್ನೊಂದು ಕ್ರಿಯೆಯನ್ನು ಸೇರಿಸುತ್ತೇವೆ. ಹಾಗಾಗಿ ‘ಮುಳುಗಿದವರನ್ನು ಮೀನುಗಾರರು ಕಾಪಾಡಿದರು’ ಎಂಬ ಸರಳ ಕನ್ನಡ ವಾಕ್ಯವನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ, ಸತ್ತವರನ್ನು ಕಾಪಾಡಿದಂತಾಗುತ್ತದೆ. ಮುಳುಗುತ್ತಿದ್ದವನಿಗೆ ‘ವಾಸ್ ಡ್ರೌನಿಂಗ್’. ಮುಳುಗಿ ಬದುಕಿದವನಿಗೆ ‘ನಿಯರ್ಲಿ ಡ್ರೌನ್ಡ್’. ವೈದ್ಯರ ಲೆಕ್ಕ ಮಾತ್ರ ಬೇರೆ: 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ವಿಶ್ವ ಸಮ್ಮೇಳನದ ನಂತರ ಅವರ ಪರಿಭಾಷೆಯಲ್ಲಿ ಬದುಕಿ ಉಳಿದವನೂ ‘ಡ್ರೌನಿಂಗ್’ ಪ್ರಕರಣವೇ.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದ ಭಕ್ತರ ದೋಣಿ ಕಾರವಾರದ ಬಳಿ ಮಗುಚಿ ಹತ್ತಾರು ಜನ ಸತ್ತದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಮಗುಚುವುದು ಬೇರೆ, ಮುಳುಗುವುದು ಬೇರೆ. ಮಗುಚಿದ ದೋಣಿ ತಲೆಕೆಳಗಾಗಿ ತೇಲುತ್ತಲೇ ಇರಬಹುದು. ಅದನ್ನು ಹಿಡಿದುಕೊಂಡು ಜನ ಬದುಕಿರಬಹುದು. ಇಂಗ್ಲಿಷಿನಲ್ಲಿ ಇದು ‘ಕ್ಯಾಪ್‌ಸೈಜ್’. ಹಡಗು ಒಂದು ಪಕ್ಕಕ್ಕೆ ವಾಲಿ ನಿಂತರೆ ‘ಲಿಸ್ಟ್’, ಎಂಜಿನ್ ಕೆಟ್ಟು ಗಾಳಿ ಒಯ್ದತ್ತ ಹೋದರೆ ‘ಡ್ರಿಫ್ಟ್’, ಮರಳಿಗೆ ಕಚ್ಚಿ ನಿಂತರೆ ‘ಗ್ರೌಂಡ್’. ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ 2001ರಲ್ಲಿ ಹಡಗುಗಳ ಮಾತುಕತೆಗೆಂದು ಅಂಗೀಕರಿಸಿದ ಪ್ರಮಾಣಿತ ವಾಕ್ಯಗಳಲ್ಲಿ ಇಂಥ ಪದಗಳನ್ನೇ ಗೊತ್ತುಮಾಡಿ ಇಡಲಾಗಿದೆ. ಹಡಗಿನ ಕೆಲಸಕ್ಕೆ ಹೋಗುವ ಕರಾವಳಿಯ ಯುವಕರು ಇವನ್ನು ಬಾಯಿಪಾಠ ಮಾಡಲೇಬೇಕು. ರೇಡಿಯೋದಲ್ಲಿ ‘ಡ್ರಿಫ್ಟಿಂಗ್’ ಎಂದರೆ ಎಳೆದು ತರುವ ಹಡಗು ಬೇಕು. ‘ಸಿಂಕಿಂಗ್’ ಎಂದರೆ ಜನರನ್ನು ಎತ್ತಿಕೊಳ್ಳುವ ದೋಣಿ ಬೇಕು, ಅದೂ ತಕ್ಷಣ.

ಕನ್ನಡದ ನಡಿಗೆ, ಇಂಗ್ಲಿಷಿನ ನಡಿಗೆ

ಹಾಗಾದರೆ ಕನ್ನಡಕ್ಕೆ ಕ್ರಿಯಾಪದಗಳ ಬಡತನವೇ? ಖಂಡಿತ ಇಲ್ಲ. ಕ್ರಿಯೆ ನಡೆದ ‘ರೀತಿ’ಯನ್ನು ಕನ್ನಡ ಇಡುವ ಜಾಗ ಬೇರೆ, ಇಂಗ್ಲಿಷ್ ಇಡುವ ಜಾಗ ಬೇರೆ, ಅಷ್ಟೆ.

‘ಮುದುಕ ಕುಂಟುತ್ತ ಮನೆಯೊಳಗೆ ಬಂದ’ ಎಂಬ ವಾಕ್ಯವನ್ನು ನೋಡಿ. ಮುಖ್ಯ ಕ್ರಿಯೆ ‘ಬಂದ’. ಅದು ದಿಕ್ಕನ್ನು ಹೇಳುತ್ತದೆ. ರೀತಿ ‘ಕುಂಟುತ್ತ’ ಎಂಬ ಕೃದಂತದಲ್ಲಿದೆ. ಇಂಗ್ಲಿಷಿನವನು ಇದನ್ನು ತಿರುವಿ ಹಾಕುತ್ತಾನೆ: ‘ದಿ ಓಲ್ಡ್ ಮ್ಯಾನ್ ಲಿಂಪ್ಡ್ ಇನ್‌ಟು ದಿ ಹೌಸ್’. ಕುಂಟುವುದು ಮುಖ್ಯ ಕ್ರಿಯೆಯಾಯಿತು. ‘ಬಂದ’ ಎಂಬುದು ‘ಇನ್‌ಟು’ ಎಂಬ ಪುಟ್ಟ ಪದದೊಳಗೆ ಅಡಗಿತು. ‘ಓಡಿ ಹೊರಗೆ ಬಂದ’ ಎಂಬುದು ‘ರ್‍ಯಾನ್ ಔಟ್’. ‘ನದಿಯನ್ನು ಈಜಿ ದಾಟಿದ’ ಎಂಬುದು ‘ಸ್ವ್ಯಾಮ್ ಅಕ್ರಾಸ್ ದಿ ರಿವರ್’. ಭಾಷೆಗಳು ಚಲನೆಯನ್ನು ಹೀಗೆ ಎರಡು ಬಗೆಯಲ್ಲಿ ಪೊಟ್ಟಣ ಕಟ್ಟುತ್ತವೆ ಎಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರಲ್ಲಿ ವಿವರವಾಗಿ ತೋರಿಸಿದರು. ಕಾರವಾರದ ಅನೇಕ ಮನೆಗಳಲ್ಲಿ ಆಡುವ ಕೊಂಕಣಿಯೂ ಈ ವಿಷಯದಲ್ಲಿ ಕನ್ನಡದ ಕಡೆಗೇ ನಿಲ್ಲುತ್ತದೆ. ‘ಧಾಂವತ್ ಆಯ್ಲೊ’ ಎಂದರೆ ‘ಓಡುತ್ತ ಬಂದ’ ಎಂದೇ. ಹೀಗಾಗಿ ಮನೆಯ ಭಾಷೆ ಯಾವುದೇ ಇರಲಿ, ಇಲ್ಲಿಯ ವಿದ್ಯಾರ್ಥಿ ‘ಕೇಮ್ ಇನ್‌ಟು ದಿ ಹೌಸ್ ಲಿಂಪಿಂಗ್’ ಎಂದು ಬರೆಯುತ್ತಾನೆ. ವ್ಯಾಕರಣದ ಪ್ರಕಾರ ಅದು ತಪ್ಪಲ್ಲ. ಆದರೆ ಪುಟದ ತುಂಬ ಎಲ್ಲರೂ ‘ಕೇಮ್’, ‘ವೆಂಟ್’ ಎನ್ನುತ್ತ ಹಿಂದೆ ಒಂದೊಂದು ಬಾಲ ಕಟ್ಟಿಕೊಂಡು ಓಡಾಡಿದರೆ ಓದುವವನಿಗೆ ದಣಿವಾಗುತ್ತದೆ.

ಕನ್ನಡದ ಇನ್ನೊಂದು ಸಂಪತ್ತು ಅನುಕರಣಾವ್ಯಯಗಳು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇವುಗಳನ್ನು ಗಮನಿಸಿದ್ದಾನೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲ್ ಅವರ ನಿಘಂಟಿನಲ್ಲಿಯೂ ಇವಕ್ಕೆ ಸ್ಥಾನವುಂಟು. ಸರ್ರನೆ, ಗಕ್ಕನೆ, ಥಟ್ಟನೆ, ಫಕ್ಕನೆ, ಧೊಪ್ಪನೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಇವೆಲ್ಲಕ್ಕೂ ಬಡಪಾಯಿ ‘ಸಡನ್ಲಿ’ ಒಂದೇ ಗತಿ. ಗಕ್ಕನೆ ನಿಂತವನಿಗೂ ‘ಸಡನ್ಲಿ’, ಫಕ್ಕನೆ ನಕ್ಕವಳಿಗೂ ‘ಸಡನ್ಲಿ’. ಇಂಗ್ಲಿಷಿನಲ್ಲಿ ಗಕ್ಕನೆ ನಿಲ್ಲುವುದು ‘ಸ್ಟಾಪ್ಡ್ ಶಾರ್ಟ್’. ಫಕ್ಕನೆ ನಗುವುದು ‘ಬರ್ಸ್ಟ್ ಔಟ್ ಲಾಫಿಂಗ್’. ‘ಬರ್ಸ್ಟ್’ ಎಂಬುದರೊಳಗೇ ಹಠಾತ್ತು ಸೇರಿದೆ. ಅದಕ್ಕೆ ಮತ್ತೆ ‘ಸಡನ್ಲಿ’ ಬೇಡ. ಸದ್ದಿನ ಪದಗಳಂತೂ ಇಂಗ್ಲಿಷಿಗೆ ಹೋಗುವಾಗ ಸೀದಾ ಕ್ರಿಯಾಪದದ ಪೀಠವನ್ನೇ ಏರುತ್ತವೆ. ‘ಬಾಗಿಲು ಕಿರ್ರನೆ ತೆರೆಯಿತು’ ಎಂದರೆ ‘ದಿ ಡೋರ್ ಕ್ರೀಕ್ಡ್ ಓಪನ್’. ‘ಬಸ್ಸು ಗಡಗಡ ಎನ್ನುತ್ತ ಸೇತುವೆ ದಾಟಿತು’ ಎಂದರೆ ‘ದಿ ಬಸ್ ರ್‍ಯಾಟಲ್ಡ್ ಓವರ್ ದಿ ಬ್ರಿಡ್ಜ್’. ಜಿಟಿಜಿಟಿ ಮಳೆ ಬಂತು ಎನ್ನಲು ‘ಇಟ್ ಡ್ರಿಜಲ್ಡ್’ ಎಂಬ ಎರಡೇ ಪದ ಸಾಕು. ಕನ್ನಡದ ಕ್ರಿಯಾವಿಶೇಷಣದಲ್ಲಿ ಇಂಗ್ಲಿಷಿನ ಕ್ರಿಯಾಪದವನ್ನು ಹುಡುಕಬೇಕು. ಕನ್ನಡದ ಕ್ರಿಯಾಪದ ಬಹುಪಾಲು ಇಂಗ್ಲಿಷಿನ ಉಪಸರ್ಗದಲ್ಲಿ ಸಿಗುತ್ತದೆ. ಈ ಒಂದು ಗುಟ್ಟು ತಿಳಿದವನಿಗೆ ಅರ್ಧ ದಾರಿ ಸವೆದಂತೆಯೇ.

ಶಾಲೆಯಲ್ಲಿ ಈ ಗುಟ್ಟು ಕಲಿಸುವುದು ಕಡಿಮೆ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರ ತನಕ ಇಲ್ಲಿಯ ಇಂಗ್ಲಿಷ್ ಕಲಿಕೆಯೂ ಮುಂಬಯಿಯ ಕಡೆ ಮುಖ ಮಾಡಿತ್ತು. ಇಂದಿಗೂ ಪುಸ್ತಕದಂಗಡಿಯಲ್ಲಿ ಸಿಗುವ ‘ರೆನ್ ಮತ್ತು ಮಾರ್ಟಿನ್’ ವ್ಯಾಕರಣದ ರೆನ್ ಸಾಹೇಬರು ಅದೇ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು; ಆಮೇಲೆ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಜಗತ್ತಿಗೆ ಪರಿಚಿತರಾದರು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದಾಗ, 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾದಾಗ, ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಇಲ್ಲದ ಮಕ್ಕಳು ಮೊದಲ ಬಾರಿ ಆ ಬೆಂಚುಗಳಲ್ಲಿ ಕುಳಿತರು. ಅವರಿಗೆ ಸಿಕ್ಕಿದ್ದು ಕ್ರಿಯಾವಿಶೇಷಣದ ವ್ಯಾಖ್ಯೆ, ಮತ್ತು ‘ಗುಣವಾಚಕಕ್ಕೆ ಲಿ ಹಚ್ಚಿ’ ಎಂಬ ಸೂತ್ರ.

ಈ ‘ಲಿ’ಯ ಕಾಟ

ಸೂತ್ರವೇನೋ ಬಹುಮಟ್ಟಿಗೆ ಸರಿ. ಕನ್ನಡದಲ್ಲಿ ‘ವೇಗ’ಕ್ಕೆ ‘ಆಗಿ’ ಸೇರಿ ‘ವೇಗವಾಗಿ’ ಆದಂತೆ ಇಂಗ್ಲಿಷಿನಲ್ಲಿ ‘ಸ್ಲೋ’ಗೆ ‘ಲಿ’ ಸೇರಿ ‘ಸ್ಲೋಲಿ’. ಆದರೆ ನಮ್ಮ ‘ಆಗಿ’ ಬಲು ಉದಾರಿ, ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತದೆ. ‘ಲಿ’ ಹಾಗಲ್ಲ. ‘ಫಾಸ್ಟ್‌ಲಿ’ ಎಂಬ ಪದವೇ ಇಲ್ಲ. ‘ಹೀ ರ್‍ಯಾನ್ ಫಾಸ್ಟ್’ ಎಂದರೆ ಮುಗಿಯಿತು. ‘ಹಾರ್ಡ್‌ಲಿ’ ಎಂಬ ಪದ ಇದೆ, ಆದರೆ ಅದರ ಅರ್ಥ ‘ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ’. ನೌಕರಿಯ ಅರ್ಜಿಯಲ್ಲಿ ‘ನಾನು ಕಷ್ಟಪಟ್ಟು ದುಡಿಯುತ್ತೇನೆ’ ಎನ್ನಲು ಹೋಗಿ ‘ಐ ಹಾರ್ಡ್‌ಲಿ ವರ್ಕ್’ ಎಂದು ಬರೆದವನು, ತಾನು ಕೆಲಸ ಮಾಡುವುದೇ ಇಲ್ಲ ಎಂದು ಸಹಿ ಹಾಕಿಕೊಟ್ಟಂತೆ! ‘ಲೇಟ್’ ಎಂದರೆ ತಡವಾಗಿ. ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ಫ್ರೆಂಡ್ಲಿ’ಯ ಕೊನೆಯಲ್ಲಿ ‘ಲಿ’ ಇದ್ದರೂ ಅದು ಗುಣವಾಚಕ. ಹಾಗೆಯೇ ಅರಬೈಲ್ ಘಟ್ಟದಂಥ ತಿರುವಿನ ರಸ್ತೆಗಳಲ್ಲಿ ಕಾಣುವ ‘ಗೋ ಸ್ಲೋ’ ಫಲಕವನ್ನು ನೋಡಿ ನಗಬೇಕಾಗಿಲ್ಲ. ‘ಸ್ಲೋ’ ಕೂಡ ಕ್ರಿಯಾವಿಶೇಷಣವಾಗಿ ಇಂಗ್ಲಿಷಿನಲ್ಲಿ ಹಳೆಯ ಬಳಕೆಯೇ.

ಮೀನಿನ ಊರಿನಲ್ಲಿ ಇನ್ನೊಂದು ತಪ್ಪು ಸಹಜ. ‘ಬಂಗಡೆ ಹುಮಣ ಚೆನ್ನಾಗಿದೆ’ ಎಂಬುದರಲ್ಲಿ ನಮ್ಮ ‘ಚೆನ್ನಾಗಿ’ ಇದೆಯಲ್ಲ, ಅದನ್ನು ನಂಬಿ ‘ಟೇಸ್ಟ್ಸ್ ವೆಲ್’ ಎಂದುಬಿಡುತ್ತೇವೆ. ಅಲ್ಲಿ ಬೇಕಾದದ್ದು ‘ಟೇಸ್ಟ್ಸ್ ಗುಡ್’. ಮೀನು ಕೆಟ್ಟ ವಾಸನೆ ಹೊಡೆದರೆ ‘ಸ್ಮೆಲ್ಸ್ ಬ್ಯಾಡ್’. ‘ಸ್ಮೆಲ್ಸ್ ಬ್ಯಾಡ್ಲಿ’ ಎಂದರೆ ಮೀನಿನ ಮೂಗು ಸರಿಯಿಲ್ಲ ಎಂದು ಇಂಗ್ಲಿಷ್ ಮಾಸ್ತರರು ಹಾಸ್ಯ ಮಾಡುವುದುಂಟು. ರುಚಿ, ವಾಸನೆ, ನೋಟ, ಅನಿಸಿಕೆಗಳನ್ನು ಹೇಳುವ ಕ್ರಿಯಾಪದಗಳು ಕರ್ತೃವಿನ ಗುಣವನ್ನು ತೋರಿಸುತ್ತವೆಯೇ ಹೊರತು ಕ್ರಿಯೆಯ ರೀತಿಯನ್ನಲ್ಲ.

ಜಾಗದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರ. ‘ನಿಯರ್ಲಿ ಆಲ್ ದಿ ಬೋಟ್ಸ್ ಸ್ಯಾಂಕ್’ ಎಂದರೆ ಹೆಚ್ಚುಕಡಿಮೆ ಎಲ್ಲ ದೋಣಿಗಳೂ ಮುಳುಗಿದವು. ‘ಆಲ್ ದಿ ಬೋಟ್ಸ್ ನಿಯರ್ಲಿ ಸ್ಯಾಂಕ್’ ಎಂದರೆ ಎಲ್ಲ ದೋಣಿಗಳೂ ಮುಳುಗುವುದರಲ್ಲಿದ್ದವು, ಒಂದೂ ಮುಳುಗಲಿಲ್ಲ. ಪದಗಳು ಅವೇ ಐದು; ‘ನಿಯರ್ಲಿ’ ಮೂರು ಹೆಜ್ಜೆ ಸರಿದರೆ ಒಂದು ಬಂದರಿನ ಬದುಕೇ ಬದಲಾಗುತ್ತದೆ. ಕನ್ನಡದಲ್ಲಿ ‘ಮಾತ್ರ’, ‘ಏ’, ‘ಊ’ ತಮಗೆ ಬೇಕಾದ ಪದದ ಬೆನ್ನಿಗೇ ಅಂಟುವುದರಿಂದ ನಾವು ಜಾಗದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬರುವುದು ‘ಜೋರಾಗಿ’. ಮಳೆ ಜೋರಾಗಿ ಬರುತ್ತದೆ, ಹುಡುಗ ಜೋರಾಗಿ ಓಡುತ್ತಾನೆ, ಅತ್ತೆ ಜೋರಾಗಿ ಮಾತನಾಡುತ್ತಾಳೆ, ಪೊಲೀಸ ಜೋರಾಗಿ ಹೊಡೆಯುತ್ತಾನೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೆ ನಾಲ್ಕು ಪದ: ಹೆವಿಲಿ, ಫಾಸ್ಟ್, ಲೌಡ್ಲಿ, ಹಾರ್ಡ್. ಅಂಗಡಿ ಕಟ್ಟೆಯ ಮಾತಿನಲ್ಲಿ ಇದು ಸಣ್ಣ ವಿಷಯ. ಸಾಕ್ಷಿಕಟ್ಟೆಯಲ್ಲಿ ಅಲ್ಲ.

ಕಾನೂನಿನ ಕ್ರಿಯಾವಿಶೇಷಣಗಳು

ಉತ್ತರ ಕನ್ನಡ ಮುಂಬಯಿಗೆ ಸೇರಿದ ಆ 1862ರ ಜನವರಿ 1ರಂದೇ ಭಾರತೀಯ ದಂಡ ಸಂಹಿತೆ ಜಾರಿಗೆ ಬಂದಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಅದರ ಜಾಗಕ್ಕೆ ಬರುವ ತನಕ ನೂರ ಅರವತ್ತೆರಡು ವರ್ಷ ನಡೆದ ಆ ಕಾಯಿದೆಯನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅಪರಾಧವನ್ನು ಅಪರಾಧವಾಗಿಸುವುದು ಎಷ್ಟೋ ಕಡೆ ಕ್ರಿಯಾಪದವಲ್ಲ, ಕ್ರಿಯಾವಿಶೇಷಣ. ಒಬ್ಬನ ವಸ್ತುವನ್ನು ಒಯ್ಯುವುದು ತಾನಾಗಿ ಕಳವಲ್ಲ. ‘ಡಿಸ್‌ಆನೆಸ್ಟ್‌ಲಿ’, ಅಂದರೆ ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶವಿದ್ದರೆ ಕಳವು. ಈ ಪದವನ್ನು 24ನೇ ಕಲಮು, ‘ಫ್ರಾಡ್ಯುಲೆಂಟ್ಲಿ’ಯನ್ನು 25ನೇ ಕಲಮು, ‘ವಾಲಂಟರಿಲಿ’ಯನ್ನು 39ನೇ ಕಲಮು ಬಿಡಿಬಿಡಿಯಾಗಿ ವಿವರಿಸುತ್ತಿದ್ದವು.

‘ವಾಲಂಟರಿಲಿ’ಗೆ ಕನ್ನಡದ ಪೊಲೀಸ್ ಕಾಗದಗಳಲ್ಲಿ ‘ಸ್ವಇಚ್ಛೆಯಿಂದ’ ಎಂದು ಬರೆಯುವ ರೂಢಿಯಿದೆ. ಆದರೆ ಕಾಯಿದೆ ಕೊಟ್ಟ ಉದಾಹರಣೆ ಬೇರೆಯೇ ಮಾತು ಹೇಳುತ್ತದೆ. ದರೋಡೆಗೆ ಅನುಕೂಲವಾಗಲೆಂದು ಒಬ್ಬ ರಾತ್ರಿ ಹೊತ್ತು ಜನವಾಸದ ಮನೆಗೆ ಬೆಂಕಿ ಇಡುತ್ತಾನೆ; ಒಳಗಿದ್ದವರೊಬ್ಬರು ಸಾಯುತ್ತಾರೆ. ಸಾಯಲಿ ಎಂಬ ಇಚ್ಛೆ ಅವನಿಗಿಲ್ಲ, ಸತ್ತದ್ದಕ್ಕೆ ದುಃಖವೂ ಆಗಿರಬಹುದು. ಆದರೂ ಸಾವು ಸಂಭವಿಸಬಹುದೆಂದು ತಿಳಿದೇ ಬೆಂಕಿ ಇಟ್ಟನಾದ್ದರಿಂದ ಅವನು ‘ವಾಲಂಟರಿಲಿ’ ಸಾವು ತಂದವನು. ‘ಸ್ವಇಚ್ಛೆ’ಯನ್ನು ಬರಿಯ ಕನ್ನಡದ ಅರ್ಥದಲ್ಲಿ ಹಿಡಿದು ಹೊರಟವನಿಗೆ ಇಲ್ಲಿ ಕಾಲು ಜಾರುತ್ತದೆ.

ಅಪಘಾತದ ದೂರುಗಳಲ್ಲಂತೂ ಒಂದು ವಾಕ್ಯ ಅಚ್ಚು ಹಾಕಿದಂತೆ ಇರುತ್ತದೆ: ಲಾರಿಯನ್ನು ‘ಅತಿವೇಗ ಮತ್ತು ನಿಷ್ಕಾಳಜಿಯಿಂದ’ ಚಲಾಯಿಸಿಕೊಂಡು ಬಂದು. ಇಂಗ್ಲಿಷಿನ ‘ರ್‍ಯಾಶ್’ ಮತ್ತು ‘ನೆಗ್ಲಿಜೆಂಟ್’ ಎಂಬ ಜೋಡಿಗೆ ಇದು ನಮ್ಮ ಜೋಡಿ. ಆದರೆ ‘ರ್‍ಯಾಶ್’ ಎಂದರೆ ಅತಿವೇಗವಲ್ಲ. ಅಪಾಯವಿದೆಯೆಂದು ಗೊತ್ತಿದ್ದೂ ನುಗ್ಗುವ ದುಡುಕು ಅದು. ಅದು ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿಯೂ ಇರಬಹುದು. ಖಾಲಿ ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುವವನಲ್ಲಿ ಇಲ್ಲದೆಯೂ ಇರಬಹುದು.

ಈ ಅಂತರ ಎಷ್ಟು ದುಬಾರಿಯೆಂಬುದಕ್ಕೆ ಕರ್ನಾಟಕದ್ದೇ ಒಂದು ಮೊಕದ್ದಮೆ ಉಂಟು. ಹಳ್ಳ ದಾಟುವಾಗ ಮಗುಚಿದ ಲಾರಿಯೊಂದರ ಪ್ರಕರಣ, ಜನ ಸತ್ತಿದ್ದರು. ಕೆಳಗಿನ ನ್ಯಾಯಾಲಯ ಚಾಲಕನಿಗೆ ಶಿಕ್ಷೆ ವಿಧಿಸಿತು, ಹೈಕೋರ್ಟು ಬಿಡುಗಡೆ ಮಾಡಿತು, ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ರಾಜ್ಯ ಮತ್ತು ಸತೀಶ್ ನಡುವಿನ ಈ ಪ್ರಕರಣದಲ್ಲಿ 1998ರಲ್ಲಿ ಬಂದ ತೀರ್ಪು ಇಂದಿಗೂ ಅಪಘಾತದ ಮೊಕದ್ದಮೆಗಳಲ್ಲಿ ಉಲ್ಲೇಖವಾಗುತ್ತದೆ. ಲಾರಿ ಅತಿವೇಗದಲ್ಲಿತ್ತು ಎಂದು ಸಾಕ್ಷಿದಾರರು ಹೇಳಿದ್ದರು. ಅತಿವೇಗ ಎಂದರೆ ಎಷ್ಟು ಎಂಬುದನ್ನು ಯಾರೂ ವಿವರಿಸಿರಲಿಲ್ಲ. ವೇಗ ಸಾಪೇಕ್ಷವಾದದ್ದು, ಅತಿವೇಗ ಎಂಬ ಮಾತೊಂದರಿಂದಲೇ ದುಡುಕು ಅಥವಾ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಚಾಲಕನ ಬಿಡುಗಡೆ ಉಳಿಯಿತು.

ಕಾರವಾರದ ನ್ಯಾಯಾಲಯದಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಆಡಿದ ಮಾತು, ಮೇಲ್ಮನವಿಯಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವಷ್ಟರಲ್ಲಿ ಇಂಗ್ಲಿಷಾಗಿರುತ್ತದೆ. ‘ಲಾರಿ ಜೋರಾಗಿ ಬಂತು’ ಎಂಬುದು ‘ದಿ ಲಾರಿ ಕೇಮ್ ಫಾಸ್ಟ್’ ಎಂದಾದರೆ ಅದರಲ್ಲಿ ವೇಗ ಮಾತ್ರ ಉಳಿಯುತ್ತದೆ. ನೋಡಿದವನು ನಿಜವಾಗಿ ನೋಡಿದ್ದೇನು? ಲಾರಿ ಎಡಕ್ಕೂ ಬಲಕ್ಕೂ ಓಲಾಡುತ್ತ ಬಂತೇ? ಅದಕ್ಕೆ ‘ಸ್ವರ್ವ್’ ಎಂಬ ಕ್ರಿಯಾಪದವಿದೆ. ತಿರುವಿನಲ್ಲಿ ಜಾರಿತೇ? ಅದು ‘ಸ್ಕಿಡ್’, ಮತ್ತು ಜಾರಿದ್ದು ಮಳೆಯ ತಪ್ಪೂ ಆಗಿರಬಹುದು. ಮುಂದಿನ ಬಸ್ಸನ್ನು ಹಿಂದೆ ಹಾಕಲು ನುಗ್ಗಿತೇ? ರಸ್ತೆ ಬಿಟ್ಟು ಅಂಗಡಿಯೊಳಗೆ ಹೊಕ್ಕಿತೇ? ಬ್ರೇಕ್ ಹಾಕಿದ ಸದ್ದು ಕೇಳಿತೇ, ಇಲ್ಲವೇ? ಒಂದೊಂದು ಕ್ರಿಯಾಪದವೂ ಒಂದೊಂದು ಕಡೆಗೆ ಹೊಣೆಯನ್ನು ಹೊರಳಿಸುತ್ತದೆ. ‘ಜೋರಾಗಿ’ ಎಂದವನನ್ನು ಅಲ್ಲಿಯೇ ನಿಲ್ಲಿಸಿ, ‘ಹೇಗೆ ಬಂತು, ನೋಡಿದಂತೆ ಹೇಳಿ’ ಎಂದು ಕೇಳಿದರೆ ಅವನು ಕೈಯಾಡಿಸಿ, ಸದ್ದು ಮಾಡಿ, ‘ಗಡಗಡ ಬಂತು, ಸರ್ರನೆ ಎಡಕ್ಕೆ ಹೊರಳಿತು, ಗಕ್ಕನೆ ಹೊಡೆಯಿತು’ ಎಂದು ಇಡೀ ಅಪಘಾತವನ್ನು ಕಣ್ಣೆದುರು ನಿಲ್ಲಿಸುತ್ತಾನೆ. ಬರೆದುಕೊಳ್ಳುವವನ ಬಳಿ ಆ ಮೂರು ಪದಗಳಿಗೂ ಮೂರು ಇಂಗ್ಲಿಷ್ ಕ್ರಿಯಾಪದಗಳು ಇರಬೇಕು.